ತಾರಸಿ ಮೇಲೆ ಬೀಜ ಬಿಟ್ಟು ಹೋಗುತ್ತಿರುವವರು ಯಾರು? (ಚಿರತೆ ಅನ್ನಬೇಡಿ)

ತಾರಸಿತೋಟ, ಮೈಸೂರು

ನಮಸ್ಕಾರ. ಇಷ್ಟು ದಿನ ದಾಸವಾಳದ ಹಿಟ್ಟು ತಿಗಣೆಗೆ ಬೇವಿನೆಣ್ಣೆ ಎಷ್ಟು ಹಾಕಬೇಕು ಅಂತ ಓದಿಕೊಂಡು ಸುಮ್ಮನೆ ಹೋಗುತ್ತಿದ್ದವಳು ನಾನು. ಈಗ ಬರೆಯಲೇಬೇಕಾಗಿದೆ. ನಮ್ಮ ಬೀದಿಯಲ್ಲಿ ಒಂದು ವಾರದಿಂದ ಯಾರೂ ನೆಮ್ಮದಿಯಾಗಿ ಮಲಗಿಲ್ಲ.

ನಮ್ಮ ಮನೆ ಕುಕ್ಕರಹಳ್ಳಿ ಕೆರೆಯಿಂದ ನಡೆದರೆ ಹತ್ತು ನಿಮಿಷ. ನಲವತ್ತು ಅರವತ್ತರ ಸೈಟು. ಹಿತ್ತಲಿನಲ್ಲಿ ಒಂದು ಸೀಬೆ, ಎರಡು ಪರಂಗಿ, ನುಗ್ಗೆ, ಕರಿಬೇವು. ಪಕ್ಕದವರ ಮಾವಿನ ಮರದ ಒಂದು ಕೊಂಬೆ ನಮ್ಮ ತಾರಸಿ ಮೇಲೆ ಬಂದು ಕೂತಿದೆ. ಕಡಿಸುತ್ತೇವೆ ಅಂತ ಅವರೂ ಹೇಳಿಲ್ಲ, ಕಡಿಸಿ ಅಂತ ನಾವೂ ಕೇಳಿಲ್ಲ.

ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಏನೇ ಕಂಡರೂ ತೂಕ ಹಾಕಿ, ಹೊತ್ತು ನೋಡಿ, ಬರೆದಿಡುವ ಚಾಳಿ ನಿವೃತ್ತಿಯಾದರೂ ಹೋಗಿಲ್ಲ. ಹಾಗಾಗಿ ನನ್ನ ಹತ್ತಿರ ಫೋಟೋ ಒಂದೂ ಇಲ್ಲ, ಲೆಕ್ಕ ಮಾತ್ರ ಬೇಕಾದಷ್ಟಿದೆ. ಬೇಜಾರು ಮಾಡಿಕೊಳ್ಳದೆ ಓದಿ.

ಮೊದಲನೆಯದು ಹಿಕ್ಕೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ, ಪ್ರತಿ ಸಲವೂ ಅದೇ ಮೂಲೆ. ಒಂಬತ್ತು ದಿನದಲ್ಲಿ ನಾಲ್ಕು ಸಲ. ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ. ಬೆಕ್ಕಾಗಿದ್ದರೆ ಪಕ್ಕದಲ್ಲೇ ಇರುವ ಕುಂಡದ ಮಣ್ಣು ಕೆದರಿ ಮುಚ್ಚುತ್ತಿತ್ತು, ಅಲ್ವಾ? ಇದು ರಾಜಾರೋಷವಾಗಿ ಬಯಲಿನಲ್ಲೇ. ಒಳಗೆ ಬರೀ ಬೀಜ. ಮೊದಲ ಎರಡು ಸಲ ಪರಂಗಿ ಬೀಜ, ನೋಡಿದ ಕೂಡಲೇ ಗುರುತು ಸಿಕ್ಕಿತು. ಆಮೇಲಿನ ಎರಡು ಸಲ ಬೇರೆ. ಕಂದು ಬಣ್ಣ, ಕಲ್ಲಿನ ಹಾಗೆ ಗಟ್ಟಿ, ಕಡಲೆಕಾಳಿಗಿಂತ ದೊಡ್ಡದು, ಒಂದು ಮಗ್ಗುಲು ಉಬ್ಬು, ಇನ್ನೊಂದು ಮಗ್ಗುಲು ಚಪ್ಪಟೆ. ಕಡ್ಡಿಯಲ್ಲಿ ಬಿಡಿಸಿ ಎಣಿಸಿದೆ, 23 ಇತ್ತು. ಒಂದಕ್ಕೂ ಹಲ್ಲಿನ ಗುರುತಿಲ್ಲ. ತೂಕವನ್ನೂ ಹಾಕುತ್ತಿದ್ದೆ, ಅಡುಗೆಮನೆ ತಕ್ಕಡಿ ಮುಟ್ಟಲು ಅತ್ತೆ ಬಿಡಲಿಲ್ಲ. ಇಂಥ ಬೀಜ ಬಿಡುವ ಗಿಡ ನಮ್ಮ ಬೀದಿಯಲ್ಲೇ ಇಲ್ಲ.

ಎರಡನೆಯದು ಸೀಬೆಹಣ್ಣು. ಅರ್ಧ ತಿಂದ ಹಣ್ಣು ಮರದ ಕೆಳಗೆ ಬೀಳುತ್ತಿಲ್ಲ. ಮರದಿಂದ ಹನ್ನೆರಡು ಹೆಜ್ಜೆ ದೂರ, ಪೋರ್ಟಿಕೋದಲ್ಲಿ, ನನ್ನ ಸ್ಕೂಟರಿನ ಸೀಟಿನ ಮೇಲೆ! ಜೊತೆಗೆ ಅಗಿದು ಉಗುಳಿದ ಪುಟ್ಟ ಪುಟ್ಟ ಉಂಡೆಗಳು, ಗೋಡೆ ಮೇಲೆ ಕಂದು ಎರಚಲು. ಹೋದ ವರ್ಷ ತಾನೇ ಬಣ್ಣ ಹೊಡೆಸಿದ ಗೋಡೆ.

ಮೂರನೆಯದು ನನ್ನದೇ ಪರೀಕ್ಷೆ. ಮಾಗಿ ಒಡೆದಿದ್ದ ಪರಂಗಿಯೊಂದನ್ನು ಟ್ಯಾಂಕಿನ ಪಕ್ಕ ಇಟ್ಟೆ. ಸಂಜೆ ಆರೂವರೆಗೆ 820 ಗ್ರಾಂ. ಬೆಳಿಗ್ಗೆ ಐದೂಮುಕ್ಕಾಲಿಗೆ 510 ಗ್ರಾಂ. ಹಣ್ಣಾದ್ದರಿಂದ ತಕ್ಕಡಿಗೆ ಅಡ್ಡಿ ಬರಲಿಲ್ಲ.

ನಾಲ್ಕನೆಯದೇ ತಲೆನೋವು. ಕಳೆದ ಮಂಗಳವಾರ ರಾತ್ರಿ 11.20ಕ್ಕೆ ಎದುರು ಮನೆಯವರು ಕಾಂಪೌಂಡ್ ಮೇಲೆ 'ಉದ್ದ ಬಾಲದ್ದು' ಒಂದನ್ನು ನೋಡಿದರಂತೆ. ಬೆಳಗಾಗುವಷ್ಟರಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅದು ಚಿರತೆ ಮರಿ. ಮಧ್ಯಾಹ್ನಕ್ಕೆ ಚಿರತೆ. ಸಂಜೆಗೆ ಎರಡು ಚಿರತೆ. ಮಕ್ಕಳನ್ನು ಆಟಕ್ಕೆ ಬಿಡುತ್ತಿಲ್ಲ. ಒಬ್ಬರು ಬೋನು ಇಡಿಸೋಣ ಅಂದರು. ಇನ್ನೊಬ್ಬರು ಕೋಳಿ ಮಾಂಸಕ್ಕೆ ಏನನ್ನೋ ಬೆರೆಸಿ ಇಡುವ ಮಾತಾಡಿದರು. ಅದನ್ನು ಓದಿದ ಮೇಲೆ ನನಗೂ ನಿದ್ದೆ ಹತ್ತಲಿಲ್ಲ.

ಮನೆಯಲ್ಲಿ ಮೂರು ಜನ, ಮೂರು ಅಭಿಪ್ರಾಯ. ನಮ್ಮ ಮನೆಯವರ ಪ್ರಕಾರ ಹೆಗ್ಗಣ. ಅವರಿಗೆ ಜಗತ್ತಿನ ಎಲ್ಲ ತೊಂದರೆಗೂ ಹೆಗ್ಗಣವೇ ಕಾರಣ. ನಾನು ಮುಂಗುಸಿ ಅಂದುಕೊಂಡಿದ್ದೆ, ಹಗಲು ಹೊತ್ತು ಒಂದು ಓಡಾಡುತ್ತಿರುತ್ತದೆ. ನಮ್ಮ ಅತ್ತೆ ಕೊಪ್ಪದ ಕಡೆಯವರು, 86 ವರ್ಷ. ಬೀಜ ನೋಡಿದವರೇ 'ಕಬ್ಬೆಕ್ಕು ಕಣೇ ಅದು, ನಮ್ಮನೆ ಅಟ್ಟದಲ್ಲೇ ಇರ್ತಿತ್ತು' ಅಂದರು. ಆದರೆ ಕಳೆದ ತಿಂಗಳು ಪಕ್ಕದ ಮನೆಯ ಪಮೇರಿಯನ್ ನಾಯಿಯನ್ನು ಮೊಲ ಅಂದವರೂ ಅವರೇ. ಕಣ್ಣಿಗೆ ಪೊರೆ ಬಂದಿದೆ.

ಬರುತ್ತಿರುವುದು ಒಂದು ಪ್ರಾಣಿಯೋ ಎರಡೋ? ಈ ಬೀಜ ಯಾವುದು? ಹೆದರಿಸದೆ ಅದನ್ನು ನೋಡುವುದು ಹೇಗೆ?

ಒಗ್ಗರಣೆಡಬ್ಬಿ, ದಾವಣಗೆರೆ

ಪರಂಗಿ ತಿಂದು, ಎಣಿಸಿಕೊಳ್ಳಲಿ ಅಂತ ಬೀಜ ಬಿಟ್ಟು ಹೋಗುವ ಚಿರತೆ ಇದ್ದರೆ ಅದು ಬಹಳ ಸಂಭಾವಿತ ಚಿರತೆ ಬಿಡಿ. ನನ್ನ ಓಟು ಅತ್ತೆಗೆ.

ಕೆಂಪುಟಾರ್ಚ್, ಬೆಂಗಳೂರು

ಮೇಡಂ, ಇಂಥ ಪ್ರಶ್ನೆ ಇಲ್ಲಿ ಅಪರೂಪ. ಸಾಮಾನ್ಯವಾಗಿ ಮಂಜುಮಂಜಾದ ಒಂದು ಫೋಟೋ ಹಾಕಿ 'ಇದು ಯಾವುದು' ಅಂತಾರೆ. ಅದರಲ್ಲಿ ಮುಕ್ಕಾಲು ಪಾಲು ಗೇಟೇ ಇರುತ್ತದೆ.

ನಿಮ್ಮಲ್ಲಿಗೆ ಬರುತ್ತಿರುವವರು ಇಬ್ಬರು.

ಸ್ಕೂಟರ್ ಸೀಟಿನ ಗಿರಾಕಿ ಬಾವಲಿ. ದೊಡ್ಡ ಬಾವಲಿ ಅಲ್ಲ, ಹಣ್ಣು ತಿನ್ನುವ ಗಿಡ್ಡ ಮೂಗಿನ ಸಣ್ಣ ಬಾವಲಿ. ತೂಕ ಐವತ್ತು ಗ್ರಾಂ ಆಚೀಚೆ, ನಿಮ್ಮ ಕೌಂಟರಿನ ಲೆಕ್ಕದಲ್ಲಿ ಒಂದು ದಪ್ಪ ಲಕೋಟೆ. ಹಣ್ಣಿನ ಮರದಲ್ಲೇ ಕೂತು ತಿನ್ನುವುದು ಅದಕ್ಕೆ ಇಷ್ಟವಿಲ್ಲ. ಸಣ್ಣ ಹಣ್ಣನ್ನೋ ಕಿತ್ತಷ್ಟು ತುಂಡನ್ನೋ ಕಚ್ಚಿಕೊಂಡು ಹಾರಿ, ಯಾವುದಾದರೂ ನೆಮ್ಮದಿಯ ಜಾಗದಲ್ಲಿ ತಲೆಕೆಳಗಾಗಿ ನೇತು ಬಿದ್ದು ತಿನ್ನುತ್ತದೆ. ರಸ ಹೀರಿ ನಾರನ್ನು ಉಂಡೆ ಮಾಡಿ ಉಗುಳುತ್ತದೆ. ನಿಮ್ಮ ಪೋರ್ಟಿಕೋ ಅದರ ಊಟದ ಮನೆ. ನೀವು ಬರೆದ 'ಹನ್ನೆರಡು ಹೆಜ್ಜೆ ದೂರ' ಇದೆಯಲ್ಲ, ನನಗೆ ಗುರುತು ಸಿಕ್ಕಿದ್ದೇ ಅಲ್ಲಿ. ಗಿಳಿ, ಅಳಿಲು ತಿಂದಿದ್ದರೆ ಮರದ ಬುಡದಲ್ಲಿ ಬೀಳುತ್ತಿತ್ತು, ಅದೂ ಹಗಲಿನಲ್ಲಿ. ಅಳಿಲು ಕಡಿದ ಹಣ್ಣಿನ ಮೇಲೆ ಜೋಡಿ ಹಲ್ಲಿನ ಗೀರು ಕಾಣುತ್ತದೆ.

ಬಾವಲಿ ಕಚ್ಚಿದ ಹಣ್ಣನ್ನು 'ಅರ್ಧ ಚೆನ್ನಾಗಿದೆಯಲ್ಲ' ಅಂತ ಹೆಚ್ಚಿಕೊಂಡು ತಿನ್ನಬೇಡಿ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಬಂದಾಗಿನಿಂದ ಎಲ್ಲರೂ ಹೇಳುವ ಮಾತೇ ಇದು. ಆ ವೈರಸ್ಸಿನ ಜೊತೆ ಹೆಸರು ಕೇಳಿಬರುವುದು ದೊಡ್ಡ ಬಾವಲಿಯದು, ನಿಮ್ಮ ಸಣ್ಣದರದಲ್ಲ. ಆದರೂ ಕಚ್ಚಿದ ಹಣ್ಣು ಗೊಬ್ಬರದ ಗುಂಡಿಗೇ ಹೋಗಲಿ.

ಇನ್ನು ತಾರಸಿಯವರು. ಹೆಗ್ಗಣ ಅಲ್ಲ, ಅದು ಕಂಡದ್ದನ್ನೆಲ್ಲ ಕಡಿಯುತ್ತದೆ, ಬೀಜ ಇಷ್ಟು ಸಲೀಸಾಗಿ ಹೊರಗೆ ಬರುವುದಿಲ್ಲ. ಮುಂಗುಸಿ ಕತ್ತಲಾದ ಮೇಲೆ ಮಲಗಿಬಿಡುತ್ತದೆ. ರಾತ್ರಿ ಬರುವುದು, ಹಣ್ಣನ್ನು ಬೀಜದ ಸಮೇತ ನುಂಗುವುದು, ಎತ್ತರದ ಬಯಲು ಜಾಗದಲ್ಲಿ ಒಂದೇ ಕಡೆ ಹಿಕ್ಕೆ ಹಾಕುವುದು, ಈ ಮೂರೂ ಸೇರಿದರೆ ಅದು ನಿಮ್ಮ ಅತ್ತೆ ಹೇಳಿದ ಕಬ್ಬೆಕ್ಕೇ. ಮರಬೆಕ್ಕು ಅಂತಲೂ ಅನ್ನುತ್ತಾರೆ.

ಜನ ಇದನ್ನು ಪುನುಗುಬೆಕ್ಕು ಅಂತ ಕರೆದುಬಿಡುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಪುನುಗುಬೆಕ್ಕು ಬೇರೆ. ತಿರುಪತಿ ತಿಮ್ಮಪ್ಪನಿಗೆ ಹಚ್ಚುವ ಪುನುಗು ಕೊಡುವುದು ಅದು. ಎರಡಕ್ಕೂ ವ್ಯತ್ಯಾಸ ನೋಡಲು ಸುಲಭ ದಾರಿ ಬಾಲ. ಪುನುಗುಬೆಕ್ಕಿನ ಬಾಲಕ್ಕೆ ಬಳೆ ತೊಡಿಸಿದ ಹಾಗೆ ಪಟ್ಟೆ ಇರುತ್ತದೆ, ಮೈಮೇಲೆ ಸಾಲು ಚುಕ್ಕಿ, ಹೆಚ್ಚಾಗಿ ನೆಲದ ಮೇಲೇ ಓಡಾಡುತ್ತದೆ. ಕಬ್ಬೆಕ್ಕಿನ ಬಾಲಕ್ಕೆ ಬಳೆ ಇಲ್ಲ, ಕಪ್ಪಗೆ, ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಮುಖ ಕಪ್ಪು, ಕಣ್ಣಿನ ಕೆಳಗೆ ಬಿಳಿ ಮಚ್ಚೆ, ಯಾರೋ ಮುಖವಾಡ ಹಾಕಿದ ಹಾಗೆ. ತೂಕ ಎರಡರಿಂದ ಐದು ಕಿಲೋ. ಮರ, ಪೈಪು, ಕೇಬಲ್ಲು ಎಲ್ಲವೂ ಅದಕ್ಕೆ ರಸ್ತೆಯೇ. ಆ ಮಾವಿನ ಕೊಂಬೆ ನಿಮ್ಮ ಮನೆಗೆ ಮೆಟ್ಟಿಲಾಗಿದೆ.

ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಕೊಂಬೆ ತಾರಸಿ ಮುಟ್ಟುವ ಜಾಗದಲ್ಲಿ ರಂಗೋಲಿ ಪುಡಿಯನ್ನು ಜರಡಿಯಲ್ಲಿ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಸ್ಕೇಲ್ ಪಕ್ಕದಲ್ಲಿಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಬೆಕ್ಕು, ಚಿರತೆ ಎರಡರದ್ದೂ ನಾಲ್ಕು ಬೆರಳಿನ ಗುರುತು, ಉಗುರು ಕಾಣುವುದಿಲ್ಲ. ಕಬ್ಬೆಕ್ಕಿಗೆ ಐದು ಬೆರಳು. ಬೆರಳು ಎಣಿಸುವುದು ನಿಮಗೆ ಹೇಳಿಕೊಡಬೇಕೇ?

ಪರಂಗಿ ಇಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅದು ತಾನಾಗಿ ಬಂದರೆ ಬರಲಿ. ನಾವು ತಟ್ಟೆ ಇಟ್ಟು ಕರೆದರೆ ದಿನಾ ಬರುತ್ತದೆ, ಮನುಷ್ಯರ ಹೆದರಿಕೆ ಹೋಗುತ್ತದೆ, ಆಮೇಲೆ ಎದುರು ಮನೆಯವರ ಕೈಗೆ ಸಿಗುತ್ತದೆ. ವಿಷದ ಮಾತಾಡಿದವರಿಗೆ ನಯವಾಗಿ ತಿಳಿಸಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಬ್ಬೆಕ್ಕಿಗೂ ರಕ್ಷಣೆ ಇದೆ, ಕೊಂದರೆ ಕೇಸು ಬೀಳುತ್ತದೆ. ಆ ಕೋಳಿ ಮಾಂಸವನ್ನು ಮೊದಲು ತಿನ್ನುವುದು ಬೀದಿನಾಯಿ, ಆಮೇಲೆ ಯಾರದೋ ಮನೆ ಬೆಕ್ಕು.

ಬೀಜದ ಬಗ್ಗೆ ಗೊತ್ತಿದ್ದವರು ಹೇಳಲಿ. ನನ್ನ ತರಕಾರಿ ಜ್ಞಾನ ಸೊಪ್ಪಿನ ಗಾಡಿಗೇ ಮುಗಿಯುತ್ತದೆ.

ಕಾಫಿಕಣ, ಬಾಳೆಹೊನ್ನೂರು

ಒಂದು ಮಗ್ಗುಲು ಉಬ್ಬು, ಒಂದು ಮಗ್ಗುಲು ಚಪ್ಪಟೆ, ಕಲ್ಲಿನ ಹಾಗೆ ಗಟ್ಟಿ. ಅಕ್ಕಾ, ಅದು ಬಗನೆ ಬೀಜ. ಬೈನೆ ಅಂತಲೂ ಅಂತಾರೆ, ತಾಳೆ ಜಾತಿಯ ಮರ. ಒಂದೇ ಹಣ್ಣಿನಲ್ಲಿ ಎರಡು ಬೀಜ ಇದ್ದಾಗ ಒಂದಕ್ಕೊಂದು ಒತ್ತಿಕೊಂಡು ಆ ಮಗ್ಗುಲು ಚಪ್ಪಟೆಯಾಗುತ್ತದೆ.

ನಿಮ್ಮ ಬೀದಿಯಲ್ಲಿ ಇಲ್ಲದಿದ್ದರೆ ಪಕ್ಕದ ಬೀದಿಯಲ್ಲಿ ಇದ್ದೇ ಇರುತ್ತದೆ, ಹುಡುಕಿ. ಹಳೇ ಬಂಗಲೆಗಳಲ್ಲಿ ಚಂದಕ್ಕೆ ನೆಡುತ್ತಿದ್ದರು. ಎಲೆ ಮೀನಿನ ಬಾಲದ ಹಾಗೆ ಹರಿದಿರುತ್ತದೆ. ಹಣ್ಣಿನ ಗೊನೆ ಹೆಂಗಸರ ಜಡೆ ಇಳಿಬಿಟ್ಟ ಹಾಗೆ ನೇತಾಡುತ್ತದೆ. ಹೂ ಬಿಡುವುದು ಮೇಲಿನಿಂದ ಶುರುವಾಗಿ ಕೆಳಕ್ಕೆ ಬರುತ್ತದೆ, ಕೊನೇ ಗೊನೆ ಮುಗಿದರೆ ಮರವೂ ಮುಗಿಯಿತು. ಕೆಂಪಗಿದೆ ಅಂತ ಹಣ್ಣು ಮುಟ್ಟಬೇಡಿ. ಅದರ ರಸ ಕೈಗೆ ಹತ್ತಿದರೆ ಅರ್ಧ ದಿನ ಕೆರೆದುಕೊಳ್ಳಬೇಕು. ಕೆಸುವಿನಲ್ಲಿ ತುರಿಸುತ್ತದಲ್ಲ, ಅದೇ ಥರದ ಸೂಜಿಯಂಥ ಹರಳು ಇದರಲ್ಲೂ ಇದೆ. ಕಬ್ಬೆಕ್ಕು ಮಾತ್ರ ಕೋಡುಬಳೆ ತಿಂದ ಹಾಗೆ ತಿನ್ನುತ್ತದೆ, ಏನೂ ಆಗುವುದಿಲ್ಲ.

ನಮ್ಮಲ್ಲಿ ಬಗನೆ ಗಿಡವನ್ನು ಯಾರೂ ನೆಡುವುದಿಲ್ಲ. ತೋಟದಲ್ಲಿ ಎಲ್ಲಿ ಬಂಡೆ ಇದೆಯೋ, ಎಲ್ಲಿ ಮರ ಬಿದ್ದಿದೆಯೋ ಅದರ ಬುಡದಲ್ಲಿ ಹುಟ್ಟಿರುತ್ತದೆ. ನೆಟ್ಟವರು ಯಾರು ಅಂತ ಈಗ ಗೊತ್ತಾಯಿತಲ್ಲ. ಬಗನೆಗೆ ಕಳ್ಳಿನ ಮಡಕೆ ಕಟ್ಟಿದರೆ ಅದಕ್ಕೂ ಬಾಯಿ ಹಾಕುತ್ತದೆ. ಬ್ರಿಟಿಷರು ಟಾಡಿ ಕ್ಯಾಟ್ ಅಂತ ಹೆಸರಿಟ್ಟದ್ದು ಅದಕ್ಕೇ. ಕಾಫಿ ಹಣ್ಣಾದಾಗ ಬಂಡೆ ಮೇಲೆ ಕಾಫಿ ಬೀಜದ ಹಿಕ್ಕೆ. ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ತಿಂದಿರುತ್ತದೆ. ಅಷ್ಟು ಚೆನ್ನಾಗಿ ಕೊಯ್ಯುವ ಆಳು ನನಗೆ ಇನ್ನೂ ಸಿಕ್ಕಿಲ್ಲ. ಅದನ್ನು ತೊಳೆದು ಮಾರುವ ಕಾಫಿಗೆ ದುಡ್ಡು ಜಾಸ್ತಿ ಅಂತ ಇಂಡೋನೇಷ್ಯಾದಲ್ಲಿ ಪ್ರಾಣಿಯನ್ನೇ ಬೋನಿನಲ್ಲಿಟ್ಟು ತಿನ್ನಿಸುತ್ತಾರೆ. ಅಂಥ ಕಾಫಿ ನನಗೆ ಬೇಡ.

ಘಟ್ಟದಲ್ಲಿ ಮೈಯೆಲ್ಲ ಕಂದು ಬಣ್ಣದ್ದು ಇನ್ನೊಂದಿದೆ. ಅದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ನಿಮ್ಮದು ಅದಲ್ಲ, ನಿಮ್ಮದು ಊರಿನ ಮಾಮೂಲಿ ಕಬ್ಬೆಕ್ಕು. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಕೊಪ್ಪ ನಮಗೆ ಪಕ್ಕದ ಊರೇ.

ತಾರಸಿತೋಟ, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಐದು ದಿನದ ವರದಿ ಒಪ್ಪಿಸುತ್ತಿದ್ದೇನೆ.

ರಂಗೋಲಿ ಪುಡಿಗೆ ಮೊದಲ ದಿನವೇ ಅಡ್ಡಿ ಬಂತು. 'ರಂಗೋಲಿ ತುಳಿಸೋಕೆ ಹಾಕ್ತಾರೇನೇ?' ಅಂತ ಅತ್ತೆ. ಇದು ರಂಗೋಲಿ ಅಲ್ಲ, ಬರೀ ಪುಡಿ, ಗೆರೆ ಎಳೆದಿಲ್ಲ ಅಂತ ಒಪ್ಪಿಸಿದೆ. ಮೊದಲ ರಾತ್ರಿ ದಪ್ಪಗೆ ಹಾಕಿಬಿಟ್ಟಿದ್ದೆ, ಬೆಳಿಗ್ಗೆ ಬರೀ ಗುಳಿ ಗುಳಿ. ಎರಡನೇ ರಾತ್ರಿ ಮಳೆ. ಮೂರನೇ ರಾತ್ರಿ ತೆಳ್ಳಗೆ, ಚಪಾತಿಗೆ ಹಿಟ್ಟು ಉದುರಿಸಿದಷ್ಟು. ಬೆಳಿಗ್ಗೆ ಏಳು ಗುರುತು. ಮೂರು ಚೊಕ್ಕವಾಗಿ ಬಿದ್ದಿದ್ದವು. ಅಗಲ ನಾಲ್ಕು ಸೆಂ.ಮೀ.ಗೆ ಒಂದು ಗೆರೆ ಕಡಿಮೆ. ಬೆರಳು ಐದು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ, ಐದೇ. ಮನೆಯವರನ್ನು ಕರೆದು ಎಣಿಸಲು ಹೇಳಿದೆ. ಅವರೂ ಐದು ಅಂದರು. ಆಮೇಲೆ 'ಹೆಗ್ಗಣಕ್ಕೂ ಐದೇ ಇರಬಹುದು' ಅಂತ ಸೇರಿಸಿದರು.

ಪಕ್ಕದಲ್ಲೇ ಇನ್ನೊಂದು ಸಾಲು ಗುರುತು ಇತ್ತು, ನಾಲ್ಕು ಬೆರಳಿನದು, ಚಿಕ್ಕದು. ಎದೆ ಧಸಕ್ಕೆಂದಿತು. ಅದು ಹಿಂದಿನ ಮನೆಯ ಬಿಳಿ ಬೆಕ್ಕು. ಎಂಟು ಗಂಟೆಗೆ ಅದೇ ಬಂದು ಅದೇ ಪುಡಿ ಮೇಲೆ ನನ್ನೆದುರೇ ನಡೆದು ಹೋಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ಸಿಕ್ಕಿದ್ದರಿಂದ ವ್ಯತ್ಯಾಸ ಚೆನ್ನಾಗಿ ತಿಳಿಯಿತು. ಬೆಕ್ಕಿನದು ಗುಂಡಗೆ ಅಚ್ಚೊತ್ತಿದ ಹಾಗೆ. ಇದರದ್ದು ಪುಟ್ಟ ಮಗುವಿನ ಅಂಗೈ ಹಾಗೆ.

ಬಗನೆ ಮರ ಸಿಕ್ಕಿತು. ಎರಡು ಬೀದಿ ಆಚೆ, ಬೀಗ ಹಾಕಿರುವ ಹಳೇ ಬಂಗಲೆಯ ಕಾಂಪೌಂಡಿನಲ್ಲಿ. ಮೂವತ್ತು ವರ್ಷದಿಂದ ಅದೇ ದಾರಿಯಲ್ಲಿ ಬಸ್‌ಸ್ಟಾಪಿಗೆ ನಡೆದಿದ್ದೇನೆ. ಅದನ್ನು ತಾಳೆ ಜಾತಿಯ ಯಾವುದೋ ಶೋ ಗಿಡ ಅಂದುಕೊಂಡಿದ್ದೆ. ನಿಜಕ್ಕೂ ಜಡೆಯೇ, ಕಾಫಿಕಣ ಅವರೇ. ಕೆಳಗೆ ಬಿದ್ದಿದ್ದ ಒಂದು ಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಎತ್ತಿಕೊಂಡು ಬಂದೆ. ಒಡೆದರೆ ಅದೇ ಬೀಜ. ಎಚ್ಚರಿಕೆ ಹೇಳಿದ್ದರೂ ಎಡಗೈ ಹೆಬ್ಬೆರಳು ತಾಗಿಬಿಟ್ಟಿತು. ಅರ್ಧ ದಿನ ಅಂದಿದ್ದಿರಿ, ನನ್ನ ಲೆಕ್ಕಕ್ಕೆ ಎರಡು ಗಂಟೆ ಹತ್ತು ನಿಮಿಷ.

ಮನೆಯಿಂದ ಆ ಮರಕ್ಕೆ ರಸ್ತೆಯಲ್ಲಿ 340 ಹೆಜ್ಜೆ. ಅದು ಹೆಜ್ಜೆ ಹಾಕಿ ಬರುವುದಿಲ್ಲವಲ್ಲ. ತಾರಸಿ ಮೇಲೆ ನಿಂತು ಅದರ ದಾರಿ ಹುಡುಕಿದೆ. ಬಂಗಲೆಯ ಗೋಡೆ, ಹೊಂಗೆ ಮರ, ಕೇಬಲ್ಲು, ಮೂಲೆ ಮನೆಯ ಶೀಟು, ಪಕ್ಕದ ಮಾವು, ನಮ್ಮ ತಾರಸಿ. ಎಲ್ಲೂ ನೆಲಕ್ಕೆ ಕಾಲಿಡಬೇಕಾಗಿಲ್ಲ.

ಇನ್ನೂ ಕಣ್ಣಾರೆ ನೋಡಿಲ್ಲ.

ಹಂಚಿನಮನೆ, ಶಿರಸಿ

ನಿಮಗೆಲ್ಲ ಖುಷಿ. ನಮ್ಮ ಮನೆ ಅಟ್ಟದಲ್ಲಿ ಸಂಸಾರ ಹೂಡಿತ್ತಲ್ಲ, ಅದರ ಕಥೆ ಕೇಳಿ. ರಾತ್ರಿ ಇಡೀ ದಡದಡ. ಉಚ್ಚೆಯ ವಾಸನೆ, ಮುಚ್ಚಿಗೆಯ ಮೇಲೆ ಕಲೆ. ತಲೆ ಕೆಟ್ಟು ಒಂದು ಸಂಜೆ ಅದು ಹೊರಗೆ ಹೋದದ್ದು ನೋಡಿ, ಹಂಚಿನ ಸಂದಿಗೆ ಹಲಗೆ ಹೊಡೆದೆ. ಒಳಗೆ ಮರಿ ಇದ್ದದ್ದು ಗೊತ್ತಿರಲಿಲ್ಲ. ಮರಿ ಒಳಗೆ ಕುಂಯ್ ಅನ್ನುತ್ತಿದೆ, ತಾಯಿ ಹೊರಗೆ ಹಂಚು ಕೀಳುತ್ತಿದೆ. ಹನ್ನೊಂದು ಹಂಚು ಒಡೆಯಿತು. ಬೆಳಗಿನ ಜಾವ ನಾನೇ ಏಣಿ ಹಾಕಿ ಹಲಗೆ ಕಿತ್ತೆ. ನಮ್ಮಮ್ಮ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಅರಣ್ಯ ಇಲಾಖೆಯವರು ಹೇಳಿದ ಪ್ರಕಾರ ಮರಿ ದೊಡ್ಡದಾಗುವವರೆಗೆ ಸುಮ್ಮನಿದ್ದೆ. ಅವೇ ಹೊರಗೆ ಓಡಾಡಲು ಶುರು ಮಾಡಿದ ಮೇಲೆ ಅಟ್ಟದಲ್ಲಿ ರಾತ್ರಿ ದೀಪ ಹಾಕಿಟ್ಟೆ. ಬೆಳಕು ಅದಕ್ಕೆ ಆಗಿಬರುವುದಿಲ್ಲ. ತಾನಾಗಿ ಜಾಗ ಬಿಟ್ಟಿತು. ಒಳಗೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ, ಹಗಲು ಹೊತ್ತು, ತಂತಿ ಜಾಲರಿ ಹಾಕಿದೆ. ನಿಮ್ಮದು ಆರ್‌ಸಿಸಿ ಮನೆ, ನಿಮಗೆ ಈ ಪಾಡಿಲ್ಲ. ಆದರೂ ಹಿಕ್ಕೆ ತೆಗೆಯುವಾಗ ಕೈಗವಸು ಹಾಕಿಕೊಳ್ಳಿ, ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸಬೇಡಿ.

ನೇರಮಾತು, ಮೈಸೂರು

ಎಲ್ಲ ಸರಿ. ಆದರೆ ಚಿರತೆ ಅಂದವರನ್ನು ಇಲ್ಲಿ ಸುಮ್ನೆ ಆಡಿಕೊಳ್ಳುತ್ತಿದ್ದೀರಿ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಜನರನ್ನು ಕೊಂದದ್ದು ಮರೆತಿರಾ? ಚಾಮುಂಡಿ ಬೆಟ್ಟದ ಆಸುಪಾಸಿನಲ್ಲಿ ಚಿರತೆ ಇಲ್ಲವೇ? ನಮ್ಮ ಅಕ್ಕನ ಊರು ಅದೇ ತಾಲ್ಲೂಕು. ಅಲ್ಲಿ ಸಂಜೆ ಆರರ ಮೇಲೆ ಯಾರೂ ಹೊಲದಲ್ಲಿ ನಿಲ್ಲುತ್ತಿರಲಿಲ್ಲ.

ಕೆಂಪುಟಾರ್ಚ್, ಬೆಂಗಳೂರು

ನಿಮ್ಮ ಮಾತು ಒಪ್ಪಿದೆ. ಮೈಸೂರಿನವರು ಚಿರತೆಗೆ ಹೆದರುವುದರಲ್ಲಿ ನಗುವಂಥದ್ದೇನಿಲ್ಲ. ಅದಕ್ಕೇ ಗುರುತು ನೋಡಿ ಅನ್ನುವುದು. ಬೆಳೆದ ಚಿರತೆಯ ಹೆಜ್ಜೆ ಏಳೆಂಟು ಸೆಂ.ಮೀ. ಇರುತ್ತದೆ. ಮರಿಯದು ಚಿಕ್ಕದಿರಬಹುದು, ಬೆರಳು ನಾಲ್ಕೇ. ಚಿರತೆ ಹಿಕ್ಕೆಯಲ್ಲಿ ಕೂದಲು, ಮೂಳೆ ಚೂರು ಇರುತ್ತದೆ, ಪರಂಗಿ ಬೀಜ ತುಂಬಿರುವುದಿಲ್ಲ. ನಾಳೆ ಅದೇ ತಾರಸಿಯಲ್ಲಿ ನಾಲ್ಕು ಬೆರಳಿನ ದೊಡ್ಡ ಗುರುತು ಬಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ ಅಂತ ಮೊದಲು ಹೇಳುವವನು ನಾನೇ. ದಿನಾ ಕಬ್ಬೆಕ್ಕಿಗೆ ಚಿರತೆ ಅಂತ ಕೂಗಿದರೆ, ನಿಜವಾದ ಚಿರತೆ ಬಂದ ದಿನ ಇಲಾಖೆಯವರು 'ಮತ್ತೆ ಅದೇ ಬಡಾವಣೆ' ಅಂತ ತಡ ಮಾಡಿಯಾರು.

ಮೇಡಂ, ನೋಡುವುದಕ್ಕೆ: ಟಾರ್ಚಿನ ಮುಖಕ್ಕೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ. ಪ್ರಾಣಿಯ ಮೇಲೆ ನೇರ ಬಿಡಬೇಡಿ, ಸ್ವಲ್ಪ ಪಕ್ಕಕ್ಕೆ ಬಿಡಿ. ಹತ್ತೂವರೆಗೆ ಮೊದಲೇ ಹೋಗಿ ಕೂತಿರಿ. ಅದು ಬಂದ ಮೇಲೆ ಬಾಗಿಲು ತೆಗೆದರೆ ನಿಮಗೆ ಕಾಣುವುದು ಬಾಲ ಮಾತ್ರ.

ತಾರಸಿತೋಟ, ಮೈಸೂರು

ನೋಡಿದೆ.

ಮೊದಲ ಎರಡು ರಾತ್ರಿ ಸೊಳ್ಳೆ ಬಿಟ್ಟು ಬೇರೇನೂ ಬರಲಿಲ್ಲ. ಮೂರನೇ ರಾತ್ರಿ, ಶುಕ್ರವಾರ, 11.42. ಮೆಟ್ಟಿಲು ಮನೆಯ ಬಾಗಿಲ ಸಂದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮಾವಿನ ಎಲೆ ಅಲುಗಿತು, ಗಾಳಿ ಇರಲಿಲ್ಲ. ಕೊಂಬೆ ತುದಿಯಿಂದ ಅದು ಧುಮುಕಲಿಲ್ಲ. ಸುರಿದ ಹಾಗೆ ಇಳಿಯಿತು, ಸದ್ದೇ ಇಲ್ಲ. ಮೊದಲು ಕಂಡದ್ದು ಬಾಲ. ಕಪ್ಪು, ಉದ್ದ, ಬಳೆ ಇಲ್ಲ. ಬೂದು ಮೈ, ಬೆನ್ನ ಮೇಲೆ ಮಸುಕು ಗೆರೆ, ಮೂರು ಅಂತ ಕಾಣುತ್ತದೆ. ಪ್ರಮಾಣ ಮಾಡಿ ಹೇಳಲಾರೆ. ಟ್ಯಾಂಕಿನ ಹತ್ತಿರ ಹೋಗಿ ನಾನು ಪರಂಗಿ ಇಟ್ಟಿದ್ದ ಜಾಗವನ್ನು ಮೂಸಿತು. ಏನೂ ಇರಲಿಲ್ಲ. ತಲೆಯೆತ್ತಿ ನನ್ನ ಕಡೆ ನೋಡಿತು. ಅಂಚೆ ಪೆಟ್ಟಿಗೆ ಖಾಲಿ ನೋಡಿದವರ ಮುಖ ನನಗೆ ಚೆನ್ನಾಗಿ ಗೊತ್ತು, ಅದೇ ಮುಖ. ಕಣ್ಣಿನ ಕೆಳಗಿನ ಬಿಳಿ ಮಚ್ಚೆ ಆಗ ಕಂಡಿತು. ಎರಡೂಕಾಲು ನಿಮಿಷ ಇತ್ತು. ಪ್ಯಾರಾಪೆಟ್ ಮೇಲೆ ನಡೆದು, ನುಗ್ಗೆ ಮರ ಹಿಡಿದು ಇಳಿದು ಹೋಯಿತು.

ತೆಗೆದ ಫೋಟೋ ಒಂದೇ, ಅದರಲ್ಲಿ ಮುಕ್ಕಾಲು ಪಾಲು ಟ್ಯಾಂಕು. (ಕೆಂಪುಟಾರ್ಚ್ ಅವರೇ, ನಗಬೇಡಿ.) ಮಗಳು ಅದನ್ನು ಪ್ರಾಣಿ, ಗಿಡ ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದಳು. ಆ್ಯಪ್ ತಾನಾಗಿ 'ಸಾಕು ಬೆಕ್ಕು' ಅಂತ ಸೂಚಿಸಿತು. ಹೆಜ್ಜೆ ಗುರುತಿನ ಫೋಟೋವನ್ನೂ ಬೀಜದ ಫೋಟೋವನ್ನೂ ಜೊತೆಗೆ ಸೇರಿಸಿದ ಮೇಲೆ ಅಲ್ಲಿನ ಇಬ್ಬರು ಕಬ್ಬೆಕ್ಕು ಅಂತ ಒಪ್ಪಿದರು. ಮನೆ ಇರುವ ಜಾಗ ಎಲ್ಲರಿಗೂ ಕಾಣದ ಹಾಗೆ ಮರೆಮಾಡುವ ಅನುಕೂಲ ಅದರಲ್ಲಿದೆ, ಹಾಗೇ ಮಾಡಿದ್ದೇವೆ.

ವಾಟ್ಸಾಪ್ ಗುಂಪಿಗೆ ಹೆಜ್ಜೆಯ ಫೋಟೋ, ಬಗನೆ ಗೊನೆಯ ಫೋಟೋ, ಕಾಯ್ದೆಯ ವಿಷಯ, ಮೂರನ್ನೂ ಹಾಕಿದೆ. ಕೋಳಿ ಮಾಂಸದವರು ಏನೂ ಬರೆಯಲಿಲ್ಲ, ಆದರೆ ತಮ್ಮ ಹಳೇ ಮೆಸೇಜ್ ಅಳಿಸಿದ್ದಾರೆ. ಎದುರು ಮನೆಯವರು 'ಇದು ಕಬ್ಬೆಕ್ಕೇ ಇರಬಹುದು, ನಾನು ನೋಡಿದ್ದು ಬೇರೆ' ಅಂದಿದ್ದಾರೆ. ಮಕ್ಕಳು ಮತ್ತೆ ಕ್ರಿಕೆಟ್ ಆಡುತ್ತಿದ್ದಾರೆ. ಅತ್ತೆಗೆ ಹೇಳಿದರೆ 'ನಾ ಮೊದಲೇ ಹೇಳಿರಲಿಲ್ವಾ' ಅಂತಲೂ ಅನ್ನಲಿಲ್ಲ. ಮರಿ ಇತ್ತೇನೇ ಜೊತೆಗೆ ಅಂತ ಕೇಳಿದರು, ಅಷ್ಟೇ. ಮುಂದಿನ ತಿಂಗಳು ಅವರ ಪೊರೆ ಆಪರೇಷನ್. ಅದಾದ ಮೇಲೆ ಅವರನ್ನೂ ಒಂದು ರಾತ್ರಿ ಕೂರಿಸಬೇಕು ಅಂತಿದೆ. ಮೆಟ್ಟಿಲು ಹತ್ತಿಸುವುದು ಹೇಗೋ ನೋಡಬೇಕು.

ಬಾವಲಿಗಾಗಿ ಕೈಗೆಟಕುವ ಸೀಬೆಕಾಯಿಗಳಿಗೆ ಹಳೇ ಬಟ್ಟೆಯ ಚೀಲ ಕಟ್ಟಿದ್ದೇನೆ, 14 ಕಾಯಿಗೆ. ಬಲೆ ಹಾಕಿದರೆ ಅದರಲ್ಲಿ ಸಿಕ್ಕಿಕೊಂಡು ಒದ್ದಾಡುತ್ತವಂತೆ, ಅದಕ್ಕೇ ಬಲೆ ಬೇಡ ಅಂತ ಬಿಟ್ಟೆ. ಎಟಕದ ಕಾಯಿಗಳು ಅವುಗಳಿಗೆ. ಸ್ಕೂಟರಿಗೆ ಹೊದಿಕೆ ತಂದೆ.

ಆ 23 ಬೀಜಗಳನ್ನು ಮಜ್ಜಿಗೆ ಬಕೆಟ್ಟಿನಲ್ಲಿ ಮಣ್ಣು, ಗೊಬ್ಬರ ಹಾಕಿ ಊರಿದ್ದೇನೆ. ಇವತ್ತಿಗೆ ಹನ್ನೊಂದು ದಿನ, ಒಂದೂ ಮೊಳಕೆ ಇಲ್ಲ. ಕಾಫಿಕಣ ಅವರೇ, ನೀರು ದಿನಾ ಹಾಕಬೇಕಾ, ದಿನ ಬಿಟ್ಟು ದಿನ ಸಾಕಾ?

ಕಾಫಿಕಣ, ಬಾಳೆಹೊನ್ನೂರು

ದಿನ ಬಿಟ್ಟು ದಿನ ಸಾಕು ಅಕ್ಕಾ. ಬಕೆಟ್ಟಿನ ತಳಕ್ಕೆ ತೂತು ಮಾಡಿದ್ದೀರಿ ತಾನೇ? ಅದು ತಿಂಗಳುಗಟ್ಟಲೆ ಕಾಯಿಸುವ ಬೀಜ. ಹನ್ನೊಂದನೇ ದಿನಕ್ಕೇ ಕೆದಕಿ ನೋಡಬೇಡಿ.

ತಾರಸಿತೋಟ, ಮೈಸೂರು

ಮೂರು ತೂತು. ಒಂದನ್ನು ಕೆದಕಿ ನೋಡಿದ್ದಾಯಿತು. ವಾಪಸ್ ಮುಚ್ಚಿದ್ದೇನೆ.